ಬೇರಿನ ಗಂಟು

ಶೇಂಗಾ ಗಿಡವನ್ನು ಕಿತ್ತಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರೈತನ ಕಣ್ಣು ಹೋಗುವುದು ಕಾಯಿಯ ಕಡೆಗೆ. ಬೇರಿಗೆ ಸಾಸಿವೆಯಂತೆ ಅಂಟಿರುವ ಗಂಟುಗಳನ್ನು ಗಮನಿಸುವವರು ವಿರಳ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಮನುಷ್ಯನ ರಕ್ತಕ್ಕೆ ಬಣ್ಣ ಕೊಡುವ ವಸ್ತುವಿನ ದಾಯಾದಿಯೇ ಅದು! ಅಲ್ಲಿ ನೆಲೆಸಿದ ರೈಜೋಬಿಯಂ ಎಂಬ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಗಿಡವು ಪ್ರತಿಯಾಗಿ ಸಕ್ಕರೆಯನ್ನು ಕೊಡುತ್ತದೆ. ಈ ಗುಟ್ಟನ್ನು ಜರ್ಮನಿಯ ಹೆಲ್‌ರೀಗಲ್ 1886ರಲ್ಲಿ ಹೊರಗೆಡಹಿದನು. ಎರಡು ವರ್ಷಗಳ ತರುವಾಯ ಡಚ್ ವಿಜ್ಞಾನಿ ಬೈಯೆರಿಂಕ್ ಆ ಜೀವಿಯನ್ನೇ ಬೇರ್ಪಡಿಸಿದನು.

ನೆರೆಯ ಸಂಡೂರಿನ ಬೆಟ್ಟಗಳ ಸಂಗತಿ ಬೇರೆ. ಅದಿರಿಗಾಗಿ ಅಗೆದು ಸುರಿದ ರಾಶಿಯಲ್ಲಿ ಕಬ್ಬಿಣವುಂಟು, ಕೊಳೆತ ಎಲೆಯಿಲ್ಲ. ಆದುದರಿಂದ ಸಾರಜನಕವೂ ಅತ್ಯಲ್ಪ. 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಸರ್ವೋಚ್ಚ ನ್ಯಾಯಾಲಯವು, ಮತ್ತೆ ತೆರೆಯಬೇಕಾದರೆ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯಿರಬೇಕೆಂದು ವಿಧಿಸಿತು.

ಇಂಥ ನೆಲಕ್ಕೆ ಮೊದಲು ಕಳುಹಿಸಬೇಕಾದುದು ದ್ವಿದಳ ಸಸ್ಯಗಳನ್ನು. ಹುರುಳಿ, ತೊಗರಿಗಳು ಸರಿಯೆ. ಹೊಂಗೆಯ ಮರವೂ ಅದೇ ಕುಲದ್ದೆಂಬುದು ಅನೇಕರಿಗೆ ತಿಳಿಯದು. ಆದರೆ ಬರಿಯ ಬೀಜ ಎರಚಿ ಬಂದರೆ ಸಾಲದು. ಜೊತೆಗಾರ ಸೂಕ್ಷ್ಮಾಣುವೇ ಇಲ್ಲದ ಮಣ್ಣಿನಲ್ಲಿ ಗಂಟು ಕಟ್ಟುವುದೆಂತು? ಗಿಡ ಹಳದಿಗೆ ತಿರುಗಿ ಸೊರಗುತ್ತದೆ. ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪುಡಿಯನ್ನು ಕಲಸಿ, ಬೀಜಕ್ಕೆ ಸವರಿ, ನೆರಳಿನಲ್ಲಿ ಆರಿಸಿ ಬಿತ್ತುವುದು ಅದಕ್ಕಾಗಿಯೇ. ಮುಂದೆ ಉದುರಿದ ಎಲೆ, ಸತ್ತ ಬೇರು ಕೊಳೆತಾಗ ಇತರ ಸೂಕ್ಷ್ಮಾಣುಗಳಿಗೂ ಆಹಾರ ದೊರೆತು ಅವುಗಳ ಬಳಗ ಬೆಳೆಯುತ್ತದೆ. ಗಣಿ ತೋಡುವ ಮುನ್ನ ತೆಗೆದಿರಿಸಿದ ಮೇಲ್ಮಣ್ಣನ್ನು ಬೇಗನೆ ಮರಳಿ ಹರಡಿದರೆ ಕೆಲಸ ಸುಲಭ. ವರ್ಷಗಟ್ಟಲೆ ರಾಶಿಯಲ್ಲಿ ಬಿದ್ದ ಮೇಲ್ಮಣ್ಣಿನಲ್ಲಿ ಆ ಜೀವಿಗಳೂ ಕ್ಷೀಣಿಸಿರುತ್ತವೆ.