ಕೋಡ್ ಬರೆಯಲು ಕೂರುವ ಮುನ್ನ ಕಟ್ಟೆಗೆ ಹೋಗಲಿ

ಉಡುಪಿ ಜಿಲ್ಲೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸ್ಪರ್ಧೆಗಳ ಬರವಿಲ್ಲ. ಮಣಿಪಾಲದ ಎಂಐಟಿ, ಕಾರ್ಕಳ ತಾಲೂಕಿನ ನಿಟ್ಟೆ, ಬಂಟಕಲ್ಲಿನ ಮಧ್ವ ವಾದಿರಾಜ ಕಾಲೇಜು, ಎಲ್ಲೆಡೆ ಹ್ಯಾಕಥಾನ್ ಮಾತು ಕೇಳಿಬರುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಸಚಿವಾಲಯಗಳು, ಇಲಾಖೆಗಳು ಸಮಸ್ಯೆ ಕೊಡುತ್ತವೆ. ಆರು ಜನರ ತಂಡ ಉತ್ತರ ಹುಡುಕುತ್ತದೆ. ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತು 36 ಗಂಟೆ ಎಡೆಬಿಡದೆ ನಡೆಯುತ್ತದೆ. ಮೌಲ್ಯಮಾಪನದ ಪಟ್ಟಿಯಲ್ಲಿ ಹೊಸತನ, ಕಾರ್ಯಸಾಧ್ಯತೆಗಳ ಜೊತೆ ಬಳಕೆದಾರರ ಅನುಭವವೂ ಇದೆ. ಆದರೆ ಬಳಕೆದಾರರೇ ಇಲ್ಲದ ಸಭಾಂಗಣದಲ್ಲಿ ಆ ಅನುಭವವನ್ನು ಅಳೆಯುವುದು ಹೇಗೆ? ಸಹಪಾಠಿಗಳ ವಾಟ್ಸ್ಆ್ಯಪ್ ಗುಂಪಿಗೆ ಗೂಗಲ್ ಫಾರ್ಮ್ ಹಾಕಿ ಸಂಜೆಯೊಳಗೆ ಗ್ರಾಫ್ ಬರೆದರೆ ಅದು ಅಧ್ಯಯನವಾಗುವುದಿಲ್ಲ. ಕೋಡ್ ಬರೆಯುವ ಮೊದಲು ತಂಡ ಯಾರನ್ನು ಕಂಡಿತು, ಏನನ್ನು ನೋಡಿತು, ನೋಡಿದ ಮೇಲೆ ತನ್ನ ಯಾವ ಊಹೆಯನ್ನು ಕೈಬಿಟ್ಟಿತು ಎಂಬುದಕ್ಕೇ ಸ್ಪರ್ಧೆಯ ಅರ್ಧದಷ್ಟು ಅಂಕ ಮೀಸಲಿಡಬೇಕು ಎಂಬುದು ನನ್ನ ವಾದ.

ಕಾಪು ತಾಲೂಕಿನ ಶಂಕರಪುರವನ್ನೇ ತೆಗೆದುಕೊಳ್ಳಿ. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯ ಊರು ಅದು. 'ಮಧ್ಯವರ್ತಿಗಳಿಲ್ಲದೆ ಹೂವು ಮಾರುವ ಆ್ಯಪ್' ಎಂದರೆ ಯಾವ ತಂಡಕ್ಕಾದರೂ ಥಟ್ಟನೆ ಹೊಳೆಯುವ ಯೋಜನೆ. ಹಾಸ್ಟೆಲಿನಲ್ಲಿ ಕೂತು ಮಾಡಿದರೆ ಅದರಲ್ಲಿ ಕಿಲೋ ಲೆಕ್ಕ ಇರುತ್ತದೆ, ಹೆಚ್ಚು ಬೆಲೆ ಕೊಡುವವರನ್ನು ಹುಡುಕುವ ಸೌಲಭ್ಯ ಇರುತ್ತದೆ. ಆದರೆ ಶಂಕರಪುರದ ವ್ಯವಹಾರವೇ ಬೇರೆ. 800 ಹೂವು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದರ ಹೇಳುವುದು ಅಟ್ಟೆಗೆ. ದಿನದ ದರ ಶಂಕರಪುರದಲ್ಲಿ ನಿಗದಿಯಾಗುತ್ತದೆ, ಸುತ್ತಲಿನ ಹೂವು ಕೊಳ್ಳುವ ಕಟ್ಟೆಗಳೂ ಅದನ್ನೇ ಅನುಸರಿಸುತ್ತವೆ. ಹಾಗಿರುವಾಗ ಬೆಲೆ ಹೋಲಿಸುವ ಪರದೆಗೆ ಏನು ಕೆಲಸ? ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತು ಮೀರುವ ಮೊದಲು ಕಟ್ಟೆಗೆ ಮುಟ್ಟಿಸಬೇಕು. ಆ ಅಷ್ಟೂ ಹೊತ್ತು ಕಟ್ಟುವವರ ಎರಡೂ ಕೈ ನಾರಿನಲ್ಲಿರುತ್ತವೆ. ಮೊಬೈಲ್ ಮುಟ್ಟುವ ಬಿಡುವು ಯಾವಾಗ? ಮಳೆಗಾಲದಲ್ಲಿ ಹೂವು ಇಳಿದಾಗ ಮನೆ ನಡೆಯುವುದು ಹೇಗೆ, ಕಷ್ಟಕ್ಕೆ ಮುಂಗಡ ಕೊಡುವವರು ಯಾರು? ಆ್ಯಪ್ ತೆಗೆದುಹಾಕಲು ಹೊರಟ ಮಧ್ಯವರ್ತಿಯೇ ಆ ಮನೆಯ ಆಸರೆಯೂ ಆಗಿರಬಹುದು. ಇಂಥ ಪ್ರಶ್ನೆಗಳು ಹುಟ್ಟಬೇಕಾದರೆ ಒಂದು ಮುಂಜಾವವಾದರೂ ಅಂಗಳದಲ್ಲಿ ಕೂರಬೇಕು.

ಇದು ಬರೀ ಸೌಜನ್ಯದ ಮಾತಲ್ಲ, ತಂತ್ರಜ್ಞಾನದ ದಿಕ್ಕನ್ನೇ ಬದಲಿಸುವ ಕೆಲಸ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ವಿದ್ಯಾರ್ಥಿ ತಂಡವೊಂದಕ್ಕೆ ಕಡಿಮೆ ಬೆಲೆಯ ಇನ್‌ಕ್ಯುಬೇಟರ್ ಮಾಡುವ ಸವಾಲು ಬಂತು. ತಂಡದವರೊಬ್ಬರು ನೇಪಾಳಕ್ಕೆ ಹೋಗಿ ನೋಡಿದರೆ, ದಾನವಾಗಿ ಬಂದ ಇನ್‌ಕ್ಯುಬೇಟರುಗಳು ಆಸ್ಪತ್ರೆಯಲ್ಲಿ ಖಾಲಿ ಇದ್ದವು. ದಿನ ತುಂಬದ ಶಿಶುಗಳು ಹುಟ್ಟುತ್ತಿದ್ದದ್ದು ಆಸ್ಪತ್ರೆಯಿಂದ ಬಹುದೂರದ ಹಳ್ಳಿಗಳಲ್ಲಿ, ಕರೆಂಟಿನ ಖಾತ್ರಿಯಿಲ್ಲದ ಮನೆಗಳಲ್ಲಿ. ಯಂತ್ರವನ್ನು ಅಗ್ಗ ಮಾಡುವ ಯೋಚನೆ ಅಲ್ಲಿಗೇ ನಿಂತಿತು. ಮಗುವನ್ನು ಸುತ್ತಿಡುವ, ಒಮ್ಮೆ ಬಿಸಿ ಮಾಡಿದರೆ ಹಲವು ಗಂಟೆ ಕಾವು ಹಿಡಿದಿಡುವ 'ಎಂಬ್ರೇಸ್' ಚೀಲ ಹುಟ್ಟಿದ್ದು ಆಮೇಲೆ. ಮುಂದೆ ಆ ತಂಡ ಬೆಂಗಳೂರಿಗೇ ಬಂದು ಕೆಲಸ ಮಾಡಿತು. ಕೊಟ್ಟ ಪ್ರಶ್ನೆಗೆ ಚೊಕ್ಕ ಉತ್ತರ ಬರೆದಿದ್ದರೆ ನೇಪಾಳದ ಆಸ್ಪತ್ರೆಗೆ ಇನ್ನಷ್ಟು ಖಾಲಿ ಪೆಟ್ಟಿಗೆಗಳು ಸೇರುತ್ತಿದ್ದವು, ಅಷ್ಟೇ.

36 ಗಂಟೆಯಲ್ಲಿ ಊರು ಸುತ್ತಲು ಎಲ್ಲಿದೆ ಸಮಯ ಎಂದು ಕೇಳಬಹುದು. ಸಮಸ್ಯೆಗಳು ಪ್ರಕಟವಾಗುವುದು ಅಂತಿಮ ಸುತ್ತಿಗಿಂತ ಬಹಳ ಮೊದಲೇ. ಅಧ್ಯಯನ ನಡೆಯಬೇಕಾದದ್ದು ಆ ಅವಧಿಯಲ್ಲಿ. ನೂರಾರು ಜನರನ್ನು ಕಾಣಬೇಕೆಂದೂ ಇಲ್ಲ. ಐದು ಬಳಕೆದಾರರ ಕೈಗೆ ಮಾದರಿ ಕೊಟ್ಟು ನೋಡಿದರೆ ಬಳಕೆಯ ತೊಡಕುಗಳಲ್ಲಿ ಸುಮಾರು ಶೇಕಡಾ 85ರಷ್ಟು ಬಯಲಾಗುತ್ತವೆ ಎಂದು ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ವಾದಿಸಿದ್ದರು. ರೇಸಿಂಗ್ ಕಾರು, ರಾಕೆಟ್‌ಗಳ ಸ್ಪರ್ಧೆಗಳನ್ನು ಈ ಅಧ್ಯಯನದ ನಿಯಮದಿಂದ ಹೊರಗಿಡಬಹುದು, ಅಲ್ಲಿ ನಿಯಮ ಪುಸ್ತಕವೇ ಗುರಿ. ಭಾಷೆಯ ಅಡ್ಡಿ ಮಾತ್ರ ನಿಜವಾದದ್ದು. ದೇಶದ ಮೂಲೆಮೂಲೆಯಿಂದ ಮಣಿಪಾಲಕ್ಕೆ ಬಂದ ಹುಡುಗರಿಗೆ ತುಳು, ಕೊಂಕಣಿ, ಬ್ಯಾರಿ ಹೋಗಲಿ, ಕನ್ನಡವೂ ಬಾರದಿರಬಹುದು. ಹಾಗಾದರೆ ಊರಿನ ಪದವಿ ಕಾಲೇಜಿನ ವಿದ್ಯಾರ್ಥಿಯೊಬ್ಬರು ತಂಡದಲ್ಲಿರಲಿ, ದುಭಾಷಿಯಾಗಿ ಅಲ್ಲ, ಸಮಪಾಲಿನ ಸದಸ್ಯರಾಗಿ.

ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಪ್ರತಿ ಸೆಮಿಸ್ಟರಿಗೆ ಹೊಸ ತಂಡ ಬಂದು ಅದೇ ಪ್ರಶ್ನೆ ಕೇಳಿ, ಫೋಟೊ ತೆಗೆದುಕೊಂಡು ಹೋದರೆ ಮಲ್ಪೆಯ ಮೀನುಗಾರರಿಗೂ ಆಶಾ ಕಾರ್ಯಕರ್ತೆಯರಿಗೂ ಬೇಸರ ಬಾರದೆ ಇರುವುದಿಲ್ಲ. ಅದಕ್ಕಾಗಿ ಕಾಲೇಜುಗಳು ಹಿಂದಿನ ತಂಡಗಳ ಟಿಪ್ಪಣಿಗಳನ್ನು ಒಂದೆಡೆ ಕಾಪಿಡಬೇಕು, ಮಾತಾಡಿದವರಿಗೆ ಫಲಿತಾಂಶವನ್ನು ಮರಳಿ ತಿಳಿಸುವುದನ್ನು ಕಡ್ಡಾಯ ಮಾಡಬೇಕು. ಕಾಲೇಜಿನ ಒಳಸುತ್ತಿನ ತೀರ್ಪುಗಾರರ ಸಾಲಿನಲ್ಲಿ, ಪ್ರಾಧ್ಯಾಪಕರ ಮತ್ತು ಕಂಪನಿಯವರ ಪಕ್ಕದಲ್ಲಿ, ಹೂವು ಕಟ್ಟುವವರಿಗೆ ಒಂದು ಕುರ್ಚಿ ಇರಲಿ. ಅವರ ಅಂಕಕ್ಕೂ ಉಳಿದವರಷ್ಟೇ ತೂಕವಿರಲಿ. ಹೂವಿನ ಕೆಲಸ ಮುಗಿಯುವ ಮಧ್ಯಾಹ್ನದ ನಂತರ ಸುತ್ತು ಇಟ್ಟುಕೊಂಡು, ಉಳಿದ ತೀರ್ಪುಗಾರರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಲಿ.