ಸೋಫಾ ಗೋಡೆಗೆ ಅಂಟಿದೆ, ಸ್ಪೀಕರ್ ಎಲ್ಲಿಡೋದು?

ಈ ಸಲ ಹಬ್ಬಕ್ಕೆ ತೆಕ್ಕಲಕೋಟೆಗೆ ಹೋದಾಗ ಅಪ್ಪನಿಗೆ ಅಂತ ಒಂದು 5.1 ಹೋಮ್ ಥಿಯೇಟರ್ ತಗೊಂಡು ಹೋದೆ. ಫಿಟ್ ಮಾಡೋಕೆ ಬಂದ ಹುಡುಗ ಹಿಂದಿನ ಎರಡು ಸ್ಪೀಕರ್‌ಗಳನ್ನ ಸೋಫಾದ ಹಿಂದಿನ ಗೋಡೆಗೇ, ತಲೆಗಿಂತ ಒಂದು ಗೇಣು ಮೇಲೆ ಬಡಿದು ಹೋದ. 'ಹಿಂದಿನ ಸ್ಪೀಕರ್ ಅಲ್ವಾ ಸಾರ್, ಹಿಂದೇನೇ ಇರ್ಬೇಕು' ಅಂದ. ನಾನೂ ಇಂಜಿನಿಯರು, ತಲೆ ಆಡಿಸಿದೆ :)

ಸಂಜೆ 'ಕಾಂತಾರ' ಹಾಕಿದೆ. ಹತ್ತು ನಿಮಿಷಕ್ಕೆ ಅಪ್ಪ ಅಂದ್ರು, 'ಯಾರೋ ಕಿವ್ಯಾಗ ಬಂದು ಕೂಗಿದಂಗ ಆಗತೈತಿ. ಮಾತೇ ತಿಳಿವಲ್ದು. ಬಂದ್ ಮಾಡಪ್ಪ.'

ಅಪ್ಪ ಮೂವತ್ತು ವರ್ಷ ಸಿರುಗುಪ್ಪದಲ್ಲಿ ರೈಸ್ ಮಿಲ್ಲಿನ ಸದ್ದಲ್ಲಿ ಕೆಲಸ ಮಾಡಿದವರು. ಎಡಗಿವಿ ಪೂರ್ತಿ ಹೋಗಿದೆ. ಅವರು ಕೂರೋದು ಸೋಫಾದ ಬಲ ತುದಿ, ಅಲ್ಲಿಂದ ಬೀದಿ ಬಾಗಿಲು ಕಾಣುತ್ತೆ. ಆ ಬಲ ಸ್ಪೀಕರ್ ಅವರ ಒಳ್ಳೆ ಕಿವಿಗೆ ಬರೀ 2 ಅಡಿ ದೂರದಲ್ಲಿತ್ತು. ಅವರಿಗಿರೋ ಒಂದೇ ಕಿವಿಗೆ ನಾನು ದುಡ್ಡು ಕೊಟ್ಟು ಗದ್ದಲ ತುಂಬಿಸಿದ್ದೆ.

ರಾತ್ರಿ ಕೂತು ಓದಿದೆ. 5.1ರಲ್ಲಿ ಆ ಎರಡು ಸ್ಪೀಕರ್ ಇರೋದು ಬೆನ್ನ ಹಿಂದೆ ಅಲ್ಲ, ಪಕ್ಕದಲ್ಲಿ! ಐಟಿಯು ಮಾನದಂಡ ಹೇಳೋದು 100ರಿಂದ 120 ಡಿಗ್ರಿ. ಟೀವಿ ನೇರಕ್ಕೆ ಸೊನ್ನೆ, ಕಿವಿಯ ನೇರಕ್ಕೆ 90. ಪಕ್ಕದ ಗೋಡೆ 6 ಅಡಿ ದೂರ ಇದ್ರೆ ಕಿವಿಗಿಂತ ಬರೀ 1 ಅಡಿ ಹಿಂದೆ ಇಟ್ರೂ 100 ಡಿಗ್ರಿ ಆಯ್ತು. ಸೋಫಾ ಗೋಡೆಗೆ ಅಂಟಿದ್ರೂ ಅಷ್ಟು ಜಾಗ ಸಿಗುತ್ತೆ. ನಿಜವಾಗ್ಲೂ ಬೆನ್ನ ಹಿಂದೆ ಬೇಕಿರೋದು 7.1ರ ಹೆಚ್ಚುವರಿ ಜೋಡಿ. ನಮ್ಮಂಥ ಹಾಲ್‌ನಲ್ಲಿ ಅದರ ಆಸೆ ಬಿಡೋದೇ ವಾಸಿ.

'ಸೋಫಾನ ನಡುವಿಗೆ ಎಳೀರಿ' ಅನ್ನೋದು ಆಡಿಯೋ ಪಂಡಿತರ ಮೊದಲ ಸಲಹೆ. ಶಾಸ್ತ್ರ ಸರಿಯೇ, ಗೋಡೆ ಹತ್ರ ಬಾಸ್ ಗುಂಯ್ ಅನ್ನುತ್ತೆ. ಆದ್ರೆ ಸುಗ್ಗೀಲಿ ನೆಲ್ಲಿನ ಚೀಲ ಇಳಿಯೋದು, ನೆಂಟರು ಬಂದ್ರೆ ಚಾಪೆ ಹಾಸೋದು ಅದೇ ನಡುವಲ್ಲಿ. ನಮ್ಮೂರ ಗುಡ್ಡದಲ್ಲಿ 1960ರ ದಶಕದಲ್ಲಿ ಉತ್ಖನನ ಮಾಡಿದಾಗ ನವಶಿಲಾಯುಗದ ದುಂಡು ಗುಡಿಸಲುಗಳ ಕುರುಹು ಸಿಕ್ಕಿದ್ವು. ಅವರಿಗೆ ಮೂಲೆಯೇ ಇರಲಿಲ್ಲ, ವೂಫರ್ ಎಲ್ಲಿಡ್ತಿದ್ರೋ ಪಾಪ :)

ಮರುದಿನ ಮಾಡಿದ್ದು ಇಷ್ಟು. ಎರಡೂ ಸ್ಪೀಕರ್ ಪಕ್ಕದ ಗೋಡೆಗಳಿಗೆ ಹೋದವು, ಕಿವಿಗಿಂತ 2 ಅಡಿ ಮೇಲೆ, ಮುಖ ಎದುರು ಗೋಡೆ ಕಡೆಗೆ. ವೂಫರ್ ಮೂಲೆಯಿಂದ ಈಚೆ ಬಂತು. ಹಿಂದಿನ ಗೋಡೆಗೆ ಅಜ್ಜನ ಕಂಬಳಿ ಇಳಿಬಿಟ್ಟೆ. ಬಾಸ್‌ಗೆ ಅದರಿಂದ ಏನೂ ಆಗಲ್ಲ, ಚುರುಕು ಸದ್ದು ಕಿವಿಗೆ ವಾಪಸ್ ಬಡಿಯೋದು ಕಮ್ಮಿಯಾಗುತ್ತೆ.

ಇಷ್ಟಾದ್ರೂ ಅಪ್ಪನ ಜಾಗದಿಂದ ಬಲ ಸ್ಪೀಕರ್ 4 ಅಡಿ, ಎಡದ್ದು 8 ಅಡಿ. ದೂರ ಎರಡು ಪಟ್ಟಾದ್ರೆ, ಬಯಲಲ್ಲಿ, ಸದ್ದು 6 ಡೆಸಿಬಲ್ ಇಳಿಯುತ್ತೆ. 'ನಡುವೆ ಕೂತ್ಕೊಳ್ಳಿ ಅಪ್ಪ' ಅಂದೆ. 'ಬಾಗಿಲು ಕಾಣಲ್ಲ' ಅಂದ್ರು. ಸರಿ, ಅಳತೆ ಟೇಪನ್ನ ಅವರ ತಲೆಯಿಂದಲೇ ಹಿಡಿದು ದೂರಗಳನ್ನ ರಿಸೀವರ್‌ಗೆ ಹಾಕಿದೆ. ಬಲದ್ದನ್ನ ಇನ್ನಷ್ಟು ಇಳಿಸಿ, ಮಾತು ಬರೋ ನಡುವಿನ ಸ್ಪೀಕರನ್ನ 3 ಡೆಸಿಬಲ್ ಏರಿಸಿದೆ. ಸದ್ದು ಯಾವ ಕಡೆಯಿಂದ ಬಂತು ಅಂತ ಮೆದುಳು ಕಂಡುಹಿಡಿಯೋದು ಮುಖ್ಯವಾಗಿ ಎರಡೂ ಕಿವಿಗಳನ್ನ ಹೋಲಿಸಿ. ಒಂದೇ ಕಿವಿ ಇರೋರಿಗೆ ಸುತ್ತಲಿನ ಸದ್ದಿಗಿಂತ ಮಾತು ಮುಖ್ಯ. ಇದು ಮೊದಲೇ ನನಗೆ ಹೊಳೀಬೇಕಿತ್ತು.

ನಡುವೆ ಕೂತ ನನಗೆ ಈಗ ಸದ್ದು ಎಡಕ್ಕೆ ವಾಲಿದೆ. ಇರಲಿ ಬಿಡಿ, ನಾನು ಆ ಸೋಫಾ ಮೇಲೆ ಕೂರೋದು ವರ್ಷಕ್ಕೆ ಎಂಟು ದಿನ.

ನನ್ನ ಅಭಿಪ್ರಾಯ ಇಷ್ಟೇ: ಸ್ಪೀಕರ್ ಹೆಸರು ನೋಡಿ ಮೊಳೆ ಹೊಡೀಬೇಡಿ, ಎಲ್ಲಿ ಯಾರು ಕೂರ್ತಾರೆ ನೋಡಿ ಹೊಡೀರಿ. ಮೊನ್ನೆ ಫೋನ್ ಮಾಡಿದಾಗ ಅಮ್ಮ ಅಂದ್ಲು, 'ನಿಮ್ಮಪ್ಪ ಎರಡು ಸಲ ಆ ಸಿನಿಮಾ ನೋಡಿದ್ರು.' ನಿಮ್ಮನೇಲಿ ಹೇಗೆ ಇಟ್ಟಿದ್ದೀರಾ?