ಗಾನವೃಂದಕ್ಕೆ ಬೇಸ್ ಗಿಟಾರ್ ತಕ್ಕುದೇ?

ಸಾಮಾನ್ಯ ಗಿಟಾರ್ ಕಲಿಯದೆ ನೇರವಾಗಿ ಬೇಸ್ ಗಿಟಾರ್ ಕಲಿಯಬಹುದೇ ಎಂಬುದು ಗಾನವೃಂದ ಸೇರಬಯಸುವ ಯುವಕ ಯುವತಿಯರ ಮೊದಲ ಪ್ರಶ್ನೆ. ಧಾರಾಳವಾಗಿ ಕಲಿಯಬಹುದು. ಸಾಮಾನ್ಯವಾಗಿ ಇದಕ್ಕಿರುವುದು ನಾಲ್ಕೇ ತಂತಿಗಳು. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ಗಿಟಾರಿನ ದಪ್ಪ ತಂತಿಗಳ ಸ್ವರಗಳೇ ಇವು, ಒಂದು ಸ್ಥಾಯಿ ಕೆಳಗೆ. ಆರಂಭದಲ್ಲಿ ಪ್ರತಿ ಕಾರ್ಡಿನ ಮೂಲಸ್ವರವನ್ನು ತಾಳ ತಪ್ಪದೆ ನುಡಿಸಿದರೆ ಸಾಕು. ನುಡಿಸಿದ ಸ್ವರವನ್ನು ಸಕಾಲದಲ್ಲಿ ತಡೆಯುವುದೂ ವಿದ್ಯೆಯೇ. ಬೆರಳುಗಳ ಚಳಕ ಆಮೇಲಿನ ಮಾತು.

ದೇವಾಲಯಕ್ಕೆ ಇದು ತಕ್ಕುದೇ ಎಂದು ಹೆತ್ತವರು ಸಂದೇಹಪಡುತ್ತಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೈವಾರಾಧನೆಯ ಕುರಿತು ಹೊರಡಿಸಿದ ಶಾಸನವು ಪೈಪ್ ಆರ್ಗನ್ನಿಗೆ ವಿಶೇಷ ಗೌರವವಿತ್ತರೂ, ಆರಾಧನೆಗೆ ಹೊಂದುವ ಇತರ ವಾದ್ಯಗಳನ್ನು ಅಧಿಕಾರವುಳ್ಳವರ ಸಮ್ಮತಿಯಿಂದ ಬಳಸಲು ಎಡೆಗೊಟ್ಟಿದೆ. ಆದುದರಿಂದ ದೋಷ ವಾದ್ಯದ್ದಲ್ಲ, ಆಂಪ್ಲಿಫಯರಿನ ಗುಂಡಿ ತಿರುಗಿಸುವ ಕೈಯದು. ಮದುವೆಯ ಬ್ಯಾಂಡಿನಂತೆ ಬೆಂಚುಗಳು ಅದುರತೊಡಗಿದರೆ ಭಕ್ತರು ಹಾಡುವುದನ್ನು ಬಿಟ್ಟು ಬರಿಯ ಕೇಳುಗರಾಗುತ್ತಾರೆ. ಹಾಗಾದಲ್ಲಿ ಗಾನವೃಂದವೇತಕ್ಕೆ?

ಅಭ್ಯಾಸದ ದಿನ ಒಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಆಲಿಸಲಿ. ಪಕ್ಕದ ಅಜ್ಜಿಯ ಕಂಠ ಅವರಿಗೆ ಸ್ಪಷ್ಟವಾಗಿ ಕೇಳಿಸುವವರೆಗೂ ಆ ಗುಂಡಿ ಕೆಳಗಿಳಿಯುತ್ತಲೇ ಇರಲಿ.